ಅವಧಿ ಮುಗಿದ ಸ್ಲೈಡ್ ಫಿಲ್ಮ್ ಅಗ್ಗಕ್ಕೆ ಸಿಗುತ್ತಿದೆ, ಒಟ್ಟಿಗೆ ಕೊಂಡಿಡಲೇ?

ಕೊಳ್ಳಬೇಡಿ.

ಹೊಸ ಸ್ಲೈಡ್ ಫಿಲ್ಮಿನ (ರಾಸಾಯನಿಕದಲ್ಲಿ ತೊಳೆದ ಮೇಲೆ ಫಿಲ್ಮಿನಲ್ಲೇ ನಿಜ ಬಣ್ಣದ ಚಿತ್ರ ಮೂಡುವ ಫಿಲ್ಮ್) ಬೆಲೆ ಕೈಗೆಟುಕುತ್ತಿಲ್ಲ, ದುಡ್ಡು ಹಿಡಿದುಕೊಂಡು ಹೋದರೂ ‘ಸ್ಟಾಕ್ ಇಲ್ಲ’ ಅನ್ನುತ್ತಾರೆ, ಯಾರೋ ಒಬ್ಬರು ಅವಧಿ ಮುಗಿದ ರೋಲುಗಳನ್ನು ಪೆಟ್ಟಿಗೆಗಟ್ಟಲೆ ಅಗ್ಗಕ್ಕೆ ಮಾರುತ್ತಿದ್ದಾರೆ, ಕೊಂಡು ಫ್ರೀಜರಿನಲ್ಲಿಟ್ಟರೆ ಕೆಲವು ವರ್ಷ ಚಿಂತೆಯಿಲ್ಲ, ತೆಗೆದದ್ದನ್ನು ಸ್ಕ್ಯಾನ್ ಮಾಡಿ ನೋಡಿದರಾಯಿತು. ಇದು ತಾನೆ ನಿಮ್ಮ ಲೆಕ್ಕ? ಇದೇ ಲೆಕ್ಕ ಹಾಕಿ ಇಂಥದ್ದೇ ಪೆಟ್ಟಿಗೆ ಹೊತ್ತು ತಂದವನು ನಾನು.

ಅದು 2012. ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು, ಮಾರ್ಚಿನಲ್ಲಿ ತನ್ನ ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ ನಿಲ್ಲಿಸುತ್ತೇವೆ ಅಂತ ಹೇಳಿತು. ಫ್ಯೂಜಿಯ ಸೆನ್ಸಿಯಾ, ಆಸ್ಟಿಯಾ ಒಂದೊಂದಾಗಿ ಮರೆಯಾಗುತ್ತಿದ್ದವು. ಇನ್ನೆರಡು ವರ್ಷದಲ್ಲಿ ಸ್ಲೈಡ್ ಅನ್ನುವ ವಸ್ತುವೇ ಇರುವುದಿಲ್ಲ ಅಂತ ನಾವು ನಾಲ್ಕು ಜನ ಗೆಳೆಯರು ಒಬ್ಬರನ್ನೊಬ್ಬರು ಹೆದರಿಸಿಕೊಂಡು ಕೂತಿದ್ದೆವು. ಆಗ ಸ್ಟುಡಿಯೋ ಮುಚ್ಚುತ್ತಿದ್ದ ಹಿರಿಯರೊಬ್ಬರು ಬೀರುವಿನಲ್ಲಿ ಉಳಿದಿದ್ದ ರೋಲುಗಳನ್ನು ಮಾರಲು ತೆಗೆದರು. ಅವಧಿ ಮುಗಿದು ಹತ್ತು ವರ್ಷದ ಮೇಲಾಗಿತ್ತು. ‘ತಂಪಾದ ಜಾಗದಲ್ಲೇ ಇಟ್ಟಿದ್ದೆ ಕಣಪ್ಪಾ’ ಅಂದರು. ಸುಳ್ಳೇನೂ ಹೇಳಲಿಲ್ಲ. ಬೀರು ತಂಪಾಗಿಯೇ ಇತ್ತು, ಬೀರುವಿನ ಮಟ್ಟಿಗೆ.

ಮನೆಗೆ ತಂದವನೇ ಎಲ್ಲವನ್ನೂ ಫ್ರೀಜರಿಗೆ ಹಾಕಿದೆ. ಹಾಕಿ ಬಹಳ ಬುದ್ಧಿವಂತನ ಹಾಗೆ ಬೀಗಿದೆ. ಫ್ರೀಜರ್ ಅಲ್ಲಿಂದ ಮುಂದಿನ ಮುಪ್ಪನ್ನು ನಿಧಾನಿಸುತ್ತದೆಯೇ ಹೊರತು ಬೀರುವಿನಲ್ಲಿ ಕಳೆದ ವರ್ಷಗಳನ್ನು ವಾಪಸು ಕೊಡುವುದಿಲ್ಲ. ನೀವು ಕೊಳ್ಳಲು ಹೊರಟಿರುವ ಪೆಟ್ಟಿಗೆಗೂ ಇದೇ ಮಾತು: ನೀವು ಹೇಗಿಡುತ್ತೀರಿ ಅನ್ನುವುದಲ್ಲ, ಈವರೆಗೆ ಅದು ಎಲ್ಲಿತ್ತು ಅನ್ನುವುದು ಪ್ರಶ್ನೆ. ಅದಕ್ಕೆ ಉತ್ತರ ಮಾರುವವರ ಬಾಯಿಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ಇಟ್ಟುಕೊಂಡ ಮೇಲೆ ಇನ್ನೊಂದು ರೋಗ ಶುರುವಾಯಿತು. ಯಾವುದಕ್ಕೂ ತೆಗೆಯಲು ಮನಸ್ಸೇ ಬಾರದು. ಸಂಜೆಯ ಬೆಳಕು ಚೆನ್ನಾಗಿದೆ, ಆದರೆ ಇದಕ್ಕೆ ಸ್ಲೈಡ್ ಯಾಕೆ ಹಾಳುಮಾಡಲಿ. ಯಾರೋ ಒಳ್ಳೆಯ ಮುಖದವರು ಸಿಕ್ಕರು, ಆದರೆ ದೊಡ್ಡ ಸಂದರ್ಭ ಬರಲಿ. ಕೊನೆಗೆ ಆ ದೊಡ್ಡ ಸಂದರ್ಭ ಬಂತು. ಅಜ್ಜನ ಮನೆ ಮಾರಾಟವಾಗಿ, ಕೆಡವುವ ದಿನವೂ ಗೊತ್ತಾಯಿತು. ಅದರ ಹಿಂದಿನ ವಾರ ಟ್ರೈಪಾಡ್ ಹೊತ್ತುಕೊಂಡು ಹೋಗಿ ಒಂದೊಂದು ಕೋಣೆಯನ್ನೂ ಆ ಹಳೆಯ ರೋಲುಗಳಲ್ಲೇ ತೆಗೆದೆ. ಹೊಸ ರೋಲು ಒಂದೂ ಜೊತೆಗಿರಲಿಲ್ಲ. ಡಿಜಿಟಲ್ ಕ್ಯಾಮೆರಾ ಮನೆಯಲ್ಲೇ ಬಿಟ್ಟುಹೋಗಿದ್ದೆ, ಅದು ಬರೀ ಜಂಬ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅನ್ನುವುದು ನನಗೆ ಖಾತ್ರಿ.

ಹಳೆಯ ಫಿಲ್ಮ್ ಬಳಸುವವರ ಬಾಯಲ್ಲೆಲ್ಲ ಒಂದು ಸೂತ್ರ ಓಡಾಡುತ್ತಿರುತ್ತದೆ: ಅವಧಿ ಮುಗಿದು ಹತ್ತು ವರ್ಷವಾಗಿದ್ದರೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಡಿ. ನೆಗೆಟಿವ್ ಫಿಲ್ಮಿನಲ್ಲಿ ನಾನು ಅದನ್ನು ಮಾಡಿ ಗೆದ್ದಿದ್ದೆ. ಹಾಗಾಗಿ ಇಲ್ಲೂ 100 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನುವ ಅಂಕಿ) ರೋಲಿಗೆ ಬೆಳಕು ಅಳೆಯುವ ಮೀಟರನ್ನು 50ಕ್ಕೆ ಇಟ್ಟೆ. ಕೋಣೆ ಕತ್ತಲು ಅನ್ನಿಸಿದ ಕಡೆ, ಇರಲಿ ಅಂತ ಇನ್ನೂ ಅರ್ಧ ಸ್ಟಾಪ್ ಸೇರಿಸಿದೆ. ಅಲ್ಲಿಗೆ ಮುಗಿಯಿತು.

ನೆಗೆಟಿವ್ ಹಳತಾದಾಗ ಆಗುವುದೇನು? ಬೆಳಕು ಬೀಳದಿದ್ದರೂ ಕೆಲವು ಬೆಳ್ಳಿ ಕಣಗಳು ತಾವಾಗಿಯೇ ಡೆವಲಪ್ ಆಗುವ ಸ್ಥಿತಿಗೆ ಬಂದಿರುತ್ತವೆ. ಅದೇ ಫಾಗ್. ನೆಗೆಟಿವ್‌ನಲ್ಲಿ ಫಾಗ್ ಅಂದರೆ ಇಡೀ ಫಿಲ್ಮಿನ ಮೇಲೆ ಒಂದು ಮಬ್ಬು ಪದರ. ನೀವು ಹೆಚ್ಚು ಬೆಳಕು ಕೊಟ್ಟರೆ ನೆರಳಿನ ವಿವರ ಆ ಮಬ್ಬಿಗಿಂತ ಮೇಲೇಳುತ್ತದೆ, ಪ್ರಿಂಟ್ ಮಾಡುವಾಗ ಅಥವಾ ಸ್ಕ್ಯಾನ್ ಮಾಡುವಾಗ ಮಬ್ಬನ್ನು ಕಳೆದುಬಿಡಬಹುದು. ಸೂತ್ರ ಅಲ್ಲಿ ಸರಿ.

ಸ್ಲೈಡ್‌ನ ಕಥೆ ಪೂರ್ತಿ ಉಲ್ಟಾ. ಸ್ಲೈಡ್ ತೊಳೆಯುವ ಇ-6 ಪ್ರೊಸೆಸ್‌ನಲ್ಲಿ ಫಸ್ಟ್ ಡೆವಲಪರ್, ಅಂದರೆ 38 ಡಿಗ್ರಿಯಲ್ಲಿ ಆರು ನಿಮಿಷದ ಆ ಮೊದಲ ಸ್ನಾನ, ಬೆಳಕು ಬಿದ್ದ ಕಣಗಳನ್ನೆಲ್ಲ ಬೆಳ್ಳಿಯಾಗಿಸಿ ಮುಗಿಸುತ್ತದೆ. ಆಮೇಲೆ ರಿವರ್ಸಲ್ ಬಾತ್ ಉಳಿದ ಕಣಗಳನ್ನು ಎಬ್ಬಿಸುತ್ತದೆ, ಕಲರ್ ಡೆವಲಪರ್ ಆ ಉಳಿದವುಗಳ ಜಾಗದಲ್ಲಿ ಬಣ್ಣ ಕಟ್ಟುತ್ತದೆ. ಬೆಳ್ಳಿಯನ್ನು ಬ್ಲೀಚ್ ಮತ್ತು ಫಿಕ್ಸರ್ ತೆಗೆದುಹಾಕುತ್ತವೆ. ಹಾಗಾದರೆ ಸ್ಲೈಡ್‌ನ ಕಪ್ಪು ಯಾವುದು? ಬೆಳಕೇ ಬೀಳದೆ ಪೂರ್ತಿ ಉಳಿದ ಕಣಗಳಿಂದ ಕಟ್ಟಿದ ಮೂರೂ ಬಣ್ಣಗಳ ದಟ್ಟ ಪದರ. ಈಗ ಫಾಗ್ ಬಂದ ಕಣಗಳನ್ನು ಮೊದಲ ಡೆವಲಪರೇ ನುಂಗಿಹಾಕಿದರೆ, ಕಪ್ಪು ಕಟ್ಟಲು ಉಳಿಯುವುದೇ ಕಡಿಮೆ. ಕಪ್ಪು ತೆಳುವಾಗುತ್ತದೆ. ಮೂರು ಪದರಗಳಿಗೂ ಒಂದೇ ಸಮ ವಯಸ್ಸಾಗುವುದಿಲ್ಲವಾದ್ದರಿಂದ ತೆಳುವಾದ ಕಪ್ಪಿಗೆ ಯಾವುದೋ ಒಂದು ಬಣ್ಣ ಬಳಿದುಕೊಂಡಿರುತ್ತದೆ. ಇದು ಕ್ಯಾಮೆರಾಗೆ ಹಾಕುವ ಮೊದಲೇ ಆಗಿಹೋಗಿರುವ ನಷ್ಟ. ಅದರ ಮೇಲೆ ನಾನು ಹೆಚ್ಚು ಬೆಳಕನ್ನೂ ಕೊಟ್ಟೆ. ತೂತಾದ ಕೊಡಕ್ಕೆ ಇನ್ನೊಂದು ತೂತು ಕೊರೆದ ಹಾಗೆ. ನೆರಳಿಗೆ ಒಂದಿಷ್ಟೂ ಉಪಕಾರವಾಗಲಿಲ್ಲ, ಬೆಳಕಿನ ಭಾಗ ಪೂರ್ತಿ ತೊಳೆದುಹೋಯಿತು. ಹಳತಾದ ಫಿಲ್ಮಿನ ವೇಗವೂ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕೂ, ಕುಗ್ಗುತ್ತದೆ ನಿಜ, ಆದರೆ ಫಾಗ್ ಚಿತ್ರವನ್ನು ತಾನೇ ತಿಳಿಯಾಗಿಸುತ್ತಿರುತ್ತದೆ. ಅವಧಿ ಮುಗಿದ ಸ್ಲೈಡನ್ನು ಬಳಸಲೇಬೇಕಾದರೆ ಡಬ್ಬಿಯ ಮೇಲೆ ಬರೆದ ಐಎಸ್‌ಒಗೇ ತೆಗೆಯಿರಿ.

ಲ್ಯಾಬಿನಿಂದ ಬಂದ ಪಟ್ಟಿಗಳನ್ನು ಲೈಟ್ ಟೇಬಲ್ ಮೇಲೆ ಹರಡಿ ಲೂಪ್ (ಭೂತಗನ್ನಡಿ) ಇಟ್ಟು ನೋಡಿದೆ. ಅಡುಗೆಮನೆಯ ಮಸಿ ಹಿಡಿದ ಗೋಡೆ ತೆಳ್ಳನೆಯ ನೇರಳೆ. ಅದರ ಪಕ್ಕದ ಕಿಟಕಿಯಲ್ಲಿ ಸರಳುಗಳೇ ಇಲ್ಲ, ಕರಗಿಹೋಗಿವೆ; ಅಲ್ಲಿದ್ದದ್ದು ಬರೀ ಪಾರದರ್ಶಕ ಫಿಲ್ಮ್, ಆಚೆಯ ಟ್ಯೂಬ್‌ಲೈಟ್ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಲ್ಯಾಬಿನವರದ್ದು ಕಿಂಚಿತ್ತೂ ತಪ್ಪಿರಲಿಲ್ಲ. ಅದೇ ದಿನ ಅವರು ತೊಳೆದ ಬೇರೆಯವರ ಹೊಸ ರೋಲು ಪಕ್ಕದಲ್ಲೇ ಇತ್ತು, ಹೊಳೆಯುತ್ತಿತ್ತು. ಅಷ್ಟರಲ್ಲಿ ಮನೆ ಕೆಡವಿ ಮಣ್ಣೂ ಸಾಗಿಸಿ ಆಗಿತ್ತು.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೆ ಬರೋಣ. ‘ಸ್ಲೈಡ್ ಮುಗಿಯುತ್ತಿದೆ, ಸಿಕ್ಕಾಗಲೇ ಕೂಡಿಡಬೇಕು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮುಗಿಯಿತು ಅಂತ ನಾವು ಎದೆ ಬಡಿದುಕೊಂಡ ಎಕ್ಟಾಕ್ರೋಮ್ 2017ರ ಜನವರಿಯಲ್ಲಿ ವಾಪಸು ಬರುವ ಘೋಷಣೆಯಾಗಿ, 2018ರಲ್ಲಿ ಇ100 ಹೆಸರಿನಲ್ಲಿ 35 ಎಂಎಂ ರೋಲಾಗಿ ಬಂದೇಬಿಟ್ಟಿತು; ಮರುವರ್ಷ ಇನ್ನೂ ಅಗಲದ 120 ರೋಲು ಕೂಡ ಬಂತು. ಫ್ಯೂಜಿಯ ವೆಲ್ವಿಯಾ 50ಕ್ಕೂ ಒಮ್ಮೆ ಕಚ್ಚಾವಸ್ತು ಸಿಗದೆ ನಿಂತು, 2007ರಲ್ಲಿ ಮರುಜನ್ಮ ಸಿಕ್ಕಿತ್ತು. ಹಾಗಂತ ಎಲ್ಲವೂ ಮರಳುತ್ತವೆ ಅನ್ನುತ್ತಿಲ್ಲ. ಅಮೆರಿಕದಲ್ಲಿ ಪರಿಸರ ಸಂಸ್ಥೆ ಇಪಿಎ ನಿರ್ಬಂಧಿಸಿದ ಒಂದು ರಾಸಾಯನಿಕ ಅತ್ಯಲ್ಪ ಪ್ರಮಾಣದಲ್ಲಿದ್ದದ್ದಕ್ಕೆ 2021ರಲ್ಲಿ ಅಲ್ಲಿ ವೆಲ್ವಿಯಾ 100 ಮಾರಾಟವೇ ನಿಂತಿತು. ಬೆಲೆಯಂತೂ ಇಳಿಯುವುದಿಲ್ಲ, ಅದಕ್ಕೆ ಕಾಯಬೇಡಿ. ಒಂದರ ಮೇಲೊಂದು ಹತ್ತಾರು ಪದರ ಲೇಪಿಸುವ ಆ ದೈತ್ಯ ಯಂತ್ರಗಳಿಗೆ ಅಗಲವಾದ, ಉದ್ದನೆಯ ಹಾಳೆಯನ್ನು ಒಂದೇ ಸಲ ಓಡಿಸಿದರೇ ಲಾಭ. ಕೊಳ್ಳುವವರು ಕೆಲವೇ ಜನ, ಮಾಡುವವರು ಮುಖ್ಯವಾಗಿ ಕೊಡಕ್ ಮತ್ತು ಫ್ಯೂಜಿ. ಒಂದು ಬ್ಯಾಚ್ ಖಾಲಿಯಾಗಿ ಇನ್ನೊಂದು ಬರುವವರೆಗೆ ಸ್ಟಾಕ್ ಇರುವುದಿಲ್ಲ, ಅಷ್ಟೇ. ಅದನ್ನು ನೋಡಿ ಪ್ರಳಯ ಅಂದುಕೊಂಡು ಓಡಬೇಡಿ.

ನಿಜವಾಗಿ ಕಾಯ್ದುಕೊಳ್ಳಬೇಕಾದದ್ದು ಫಿಲ್ಮನ್ನಲ್ಲ, ಲ್ಯಾಬನ್ನು. ಇ-6 ದ್ರಾವಣಗಳಿಗೆ ದಿನವೂ ರೋಲು ಬೀಳುತ್ತಿರಬೇಕು. ಸುಮ್ಮನೆ ನಿಂತರೆ ಗಾಳಿ ತಾಗಿ ಕೆಡುತ್ತವೆ. ನಾವೆಲ್ಲ ಫ್ರೀಜರಿನಲ್ಲಿ ಬಚ್ಚಿಟ್ಟ ರೋಲುಗಳಿಂದ ಯಾವ ಲ್ಯಾಬೂ ನಡೆಯುವುದಿಲ್ಲ. ಅಗ್ಗದ ಲೆಕ್ಕವೂ ಇಲ್ಲೇ ಕುಸಿಯುತ್ತದೆ ನೋಡಿ: ಹಾಳಾದ ರೋಲಿಗೂ ಒಳ್ಳೆಯ ರೋಲಿಗೂ ತೊಳೆಯುವ ಖರ್ಚು ಒಂದೇ, ಮೌಂಟ್ ಮಾಡುವ (ಚೌಕಟ್ಟಿಗೆ ಕೂರಿಸುವ) ಖರ್ಚು ಒಂದೇ, ನೀವು ಅಲ್ಲಿಗೆ ಹೋದ ಖರ್ಚೂ ಒಂದೇ. ಉಳಿತಾಯ ಆಗುವುದು ರೋಲಿನ ಬೆಲೆಯಲ್ಲಿ ಮಾತ್ರ.

ಇನ್ನೊಂದು ಮಾತು, ಬೇಜಾರಾಗಬೇಡಿ. ಪ್ರಶ್ನೆಯಲ್ಲಿ ನೀವು ಸ್ಕ್ಯಾನರ್ ಬಗ್ಗೆ ಮೂರು ಸಾಲು ಬರೆದಿದ್ದೀರಿ, ಪ್ರೊಜೆಕ್ಟರ್ ಬಗ್ಗೆ ಒಂದಕ್ಷರವಿಲ್ಲ. ಸ್ಕ್ಯಾನ್ ಮಾಡಿ ಫೋನಿನಲ್ಲಿ ನೋಡುವುದೇ ಗುರಿಯಾದರೆ ಸ್ಲೈಡ್ ನಿಮಗೆ ಬೇಡ. ಅದರ ಕಪ್ಪಿನ ದಟ್ಟಣೆಯನ್ನು ಭೇದಿಸಲು ಸಾಮಾನ್ಯ ಫ್ಲಾಟ್‌ಬೆಡ್ ಸ್ಕ್ಯಾನರ್ ಒದ್ದಾಡುತ್ತದೆ. ಕಲರ್ ನೆಗೆಟಿವ್ ಬಳಸಿ, ಎಕ್ಸ್‌ಪೋಷರ್ ಒಂದೆರಡು ಸ್ಟಾಪ್ ಹೆಚ್ಚಾದರೂ ಅದು ಕ್ಷಮಿಸುತ್ತದೆ. ಸ್ಲೈಡ್ ಇರುವುದು ಹಿಂದಿನಿಂದ ಬೆಳಕು ಬಿಟ್ಟು ಆ ಫಿಲ್ಮನ್ನೇ ಕಣ್ಣಾರೆ ನೋಡುವವರಿಗೆ.

ಇಷ್ಟಾದರೂ ಬೇಕೇ ಬೇಕು ಅಂದರೆ, ಪೆಟ್ಟಿಗೆಯ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟು ಹೊಸ ರೋಲು ಕೊಳ್ಳಿ. ಎರಡೇ ಬರಲಿ, ಪರವಾಗಿಲ್ಲ. ಒಂದೇ ಫಿಲ್ಮಿಗೆ ಅಂಟಿಕೊಳ್ಳಿ. ನನ್ನ ಆಯ್ಕೆ ಫ್ಯೂಜಿಯ ಪ್ರೋವಿಯಾ 100ಎಫ್: ಚರ್ಮದ ಬಣ್ಣ ಕೆಡಿಸುವುದಿಲ್ಲ, 128 ಸೆಕೆಂಡಿನವರೆಗೆ ದೀರ್ಘ ಎಕ್ಸ್‌ಪೋಷರಿಗೂ ತಿದ್ದುಪಡಿ ಕೇಳುವುದಿಲ್ಲ. ವೆಲ್ವಿಯಾ 50 ನಾಲ್ಕು ಸೆಕೆಂಡಿಗೇ ತಗಾದೆ ಶುರುಮಾಡುತ್ತದೆ, ಮುಖಗಳನ್ನು ಕೆಂಪಗೆ ಬೇಯಿಸುತ್ತದೆ. ಬೆಟ್ಟ, ಹೂವು ಅಂದರೆ ಸರಿ. ಮೀಟರನ್ನು ಚಿತ್ರದಲ್ಲಿ ವಿವರ ಉಳಿಯಬೇಕಾದ ಅತಿ ಬೆಳಕಿನ ಜಾಗಕ್ಕೆ ಹಿಡಿದು ಅಲ್ಲಿಂದ ಲೆಕ್ಕ ಹಾಕಿ, ನೆರಳು ಕಪ್ಪಾದರೆ ಆಗಲಿ. ಇರುವುದೇ ಸುಮಾರು ಐದು ಸ್ಟಾಪ್‌ಗಳ ಜಾಗ. ತೆಗೆದ ತಿಂಗಳೊಳಗೆ ತೊಳೆಯಲು ಕೊಡಿ. ದೊಡ್ಡ ಸಂದರ್ಭಕ್ಕೆ ಮೊದಲು ಸಣ್ಣಪುಟ್ಟದ್ದನ್ನೆಲ್ಲ ತೆಗೆದು ಕೈ ಪಳಗಿಸಿಕೊಳ್ಳಿ.

ಅಕಸ್ಮಾತ್ ಮುಂಗಡ ಕೊಟ್ಟುಬಿಟ್ಟಿದ್ದರೆ, ಮಿಕ್ಕ ದುಡ್ಡು ಕೊಡುವ ಮೊದಲು ಒಂದು ರೋಲು ಕೇಳಿ ತಂದು, ಏನಾದರೂ ತೆಗೆದು, ತೊಳೆಸಿ ನೋಡಿ. ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಫ್ರೇಮುಗಳ ನಡುವಿನ ಖಾಲಿ ಜಾಗವನ್ನು. ಅದು ಗಟ್ಟಿ ಕಪ್ಪಾಗಿದ್ದರೆ ಉಳಿದವನ್ನು ಕೊಳ್ಳಬಹುದು. ಕಂದು, ನೇರಳೆ, ಹಸಿರು ಏನೇ ಕಂಡರೂ ಮುಂಗಡ ಹೋದರೆ ಹೋಗಲಿ ಅಂತ ಬಿಟ್ಟುಬಿಡಿ. ಹಾಗೆಯೇ ಪ್ರತಿಯೊಂದು ಡಬ್ಬಿಯ ಮೇಲೂ ಯಾವ ಪ್ರೊಸೆಸ್ ಬರೆದಿದೆ ನೋಡಿ. ಇ-6 ಅಂತಿದ್ದರೆ ತೊಳೆಯಬಹುದು. ಕೊಡಾಕ್ರೋಮ್ (ಕೊಡಕ್ ಕಂಪನಿಯ ಇನ್ನೊಂದು ಸ್ಲೈಡ್ ಫಿಲ್ಮ್) ಅಥವಾ ಅದರ ಪ್ರೊಸೆಸ್ ಕೆ-14 ಅಂತಿದ್ದರೆ ಪಕ್ಕಕ್ಕಿಡಿ. ಅದರಲ್ಲಿ ಬಣ್ಣ ಕಟ್ಟುವ ಸಾಮಗ್ರಿ ಫಿಲ್ಮಿನೊಳಗಲ್ಲ, ಡೆವಲಪರಿನಲ್ಲಿರುತ್ತದೆ. ಕೊಡಕ್ 2009ರಲ್ಲಿ ಆ ಫಿಲ್ಮನ್ನು ನಿಲ್ಲಿಸಿತು, ಕಾನ್ಸಾಸ್‌ನ ಪಾರ್ಸನ್ಸ್‌ನಲ್ಲಿದ್ದ ಕೊನೆಯ ಲ್ಯಾಬ್ 2010ರ ಡಿಸೆಂಬರ್ 30ರ ನಂತರ ರೋಲು ಪಡೆಯುವುದನ್ನು ನಿಲ್ಲಿಸಿತು. ಈಗ ಅದರಿಂದ ಹೆಚ್ಚೆಂದರೆ ಕಪ್ಪು-ಬಿಳುಪು ಚಿತ್ರ ತೆಗೆಯಬಹುದು, ಮಾರುವವರು ಅದಕ್ಕೂ ಸ್ಲೈಡ್‌ನ ಬೆಲೆಯನ್ನೇ ಹೇಳುತ್ತಾರೆ.