ಕೆಲಸ ಹೋದವರೆಲ್ಲ ಅಂಗಡಿ ಇಟ್ಟರೆ ಕೊಳ್ಳುವವರು ಯಾರು?

ಪ್ರಶ್ನೆ: ನಮ್ಮದು ನಗರದ ಅಂಚಿನ ಬಡಾವಣೆ. ಅರ್ಧಕ್ಕರ್ಧ ಮನೆಗಳಿಗೆ ಒಂದೇ ಫ್ಯಾಕ್ಟರಿಯ ಸಂಬಳ ಆಧಾರ. ಮೂರು ತಿಂಗಳ ಹಿಂದೆ ಅಲ್ಲಿ ಬಹಳ ಜನರನ್ನು ತೆಗೆದರು, ನಾನೂ ಅದರಲ್ಲಿ ಒಬ್ಬ. ಸೆಟ್ಲ್‌ಮೆಂಟ್ ದುಡ್ಡಲ್ಲಿ ಇಲ್ಲೇ ಅಂಗಡಿ ಇಡೋಣ ಅಂದುಕೊಂಡಿದ್ದೇನೆ. ಜೊತೆಯವರದ್ದೂ ಅದೇ ಯೋಚನೆ. ಇನ್ನು ಕೆಲವರು, ಇನ್ನೊಂದು ದೊಡ್ಡ ಕಂಪನಿ ಬಂದೇ ಬರುತ್ತೆ, ಕಾಯೋಣ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಅಂಗಡಿಯೂ ಬೇಡ, ಕಾಯುವುದೂ ಬೇಡ. ಕೋಪ ಮಾಡ್ಕೋಬೇಡಿ, ಕಾರಣ ಹೇಳುತ್ತೇನೆ.

ನಿಮ್ಮ ಬೀದಿಯಲ್ಲಿ ಓಡಾಡುತ್ತಿದ್ದ ದುಡ್ಡು ಎಲ್ಲಿಂದ ಬರುತ್ತಿತ್ತು? ಫ್ಯಾಕ್ಟರಿ ತನ್ನ ಮಾಲನ್ನು ಹೊರಗೆ ಮಾರುತ್ತಿತ್ತು, ಆ ದುಡ್ಡು ಸಂಬಳವಾಗಿ ನಿಮ್ಮ ಕೈಗೆ ಬಂದು, ನಿಮ್ಮ ಕೈಯಿಂದ ಟೈಲರ್‌ಗೆ, ಕ್ಷೌರದವರಿಗೆ, ಟ್ಯೂಷನ್ ಮೇಷ್ಟ್ರಿಗೆ ಹೋಗುತ್ತಿತ್ತು. ಆ ನಲ್ಲಿ ಈಗ ಬಹುಪಾಲು ಬಂದ್ ಆಗಿದೆ. ಹತ್ತು ಜನ ಹತ್ತು ಅಂಗಡಿ ತೆರೆದರೆ ಬಿಂದಿಗೆ ಜಾಸ್ತಿ ಆಗುತ್ತೆ, ನೀರಲ್ಲ. ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2010ರಲ್ಲಿ ಅಮೆರಿಕದ ನಗರಗಳ ಲೆಕ್ಕ ಹಾಕಿದ್ದರು. ಒಂದು ಊರಿಗೆ ಕಾರ್ಖಾನೆಯ 1 ಕೆಲಸ ಬಂದರೆ, ಅದರ ಬೆನ್ನಿಗೆ ಅಂಗಡಿ, ರಿಪೇರಿ, ಸೇವೆ ಇಂಥ ಕಡೆ 1.6 ಕೆಲಸ ಹುಟ್ಟುತ್ತಿತ್ತಂತೆ. ಅಂದರೆ ಅಂಗಡಿ ಬರೋದು ಕಾರ್ಖಾನೆಯ ಹಿಂದೆ, ಅಲ್ವಾ? ಹೊರಗಿನವರು ಬಂದು ಹೋಗುವ ದೊಡ್ಡ ರಸ್ತೆಯಲ್ಲಿ ಇಡುತ್ತೀರಾದರೆ ಮಾತು ಬೇರೆ.

ಈಗ ಕಾಯುವ ವಿಷಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಂಚಿನಲ್ಲಿ ಲಾಂಗ್‌ಬ್ರಿಡ್ಜ್ ಅಂತ ಇದೆ. 1905ರಲ್ಲಿ ಅಲ್ಲಿ ಕಾರು ಕಾರ್ಖಾನೆ ಶುರುವಾಯಿತು. ನೂರು ವರ್ಷ ಆದ ಮೇಲೆ, 2005ರ ಏಪ್ರಿಲ್‌ನಲ್ಲಿ, ಅದನ್ನು ನಡೆಸುತ್ತಿದ್ದ ಎಂಜಿ ರೋವರ್ ಕಂಪನಿ ಮುಳುಗಿ ಸುಮಾರು 6,000 ಜನ ಮನೆಗೆ ಹೋದರು. ಆ ಜಾಗದಲ್ಲಿ ಆಮೇಲೆ ಕಾಲೇಜು ಬಂತು, ಅಂಗಡಿ, ಮನೆ, ಆಫೀಸು ಬಂದವು. ಅಷ್ಟು ದೊಡ್ಡ ಕಾರ್ಖಾನೆ ಮಾತ್ರ ಬರಲಿಲ್ಲ. ಹೆಚ್ಚಿನವರಿಗೆ ಬೇರೆ ಕೆಲಸ ಸಿಕ್ಕಿತು, ಆದರೆ ಬಹಳ ಜನರಿಗೆ ಮೊದಲಿಗಿಂತ ಕಡಿಮೆ ಸಂಬಳಕ್ಕೆ. ನನಗೆ ಇದರಲ್ಲಿ ಮುಖ್ಯ ಅನಿಸೋದು ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಕಂಪನಿಗಳ ಕಥೆ. 2000ದಲ್ಲಿ ಆಗಿನ ಮಾಲೀಕ ಕಂಪನಿ ಬಿಎಂಡಬ್ಲ್ಯು ರೋವರ್‌ನ ಕೈಬಿಟ್ಟಾಗಲೇ ಎಚ್ಚೆತ್ತು ಬೇರೆ ಗಿರಾಕಿ ಹುಡುಕಿಕೊಂಡವರು ಐದು ವರ್ಷ ಆದ ಮೇಲೆ ಅದರ ಜೊತೆ ಮುಳುಗಲಿಲ್ಲ.

ನೀವೂ ಹೊರಗಿನ ಗಿರಾಕಿ ಹುಡುಕಿ. ಒಬ್ಬರೇ ಬೇಡ. ಫ್ಯಾಕ್ಟರಿಯಲ್ಲಿ ನಿಮ್ಮ ಜೊತೆ ಒಬ್ಬ ಫಿಟ್ಟರ್, ಒಬ್ಬ ವೆಲ್ಡರ್, ಒಬ್ಬ ಎಲೆಕ್ಟ್ರಿಷಿಯನ್ ಇದ್ದೇ ಇರುತ್ತಾರೆ. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರನ್ನು ಮರೀಬೇಡಿ, ಯಾವ ಬೇರಿಂಗ್ ಎಲ್ಲಿ ಸಿಗುತ್ತೆ, ಹೇಳಿದ ದಿನಕ್ಕೆ ಕಳಿಸೋದು ಯಾರು, ಸುಮ್ನೆ ಸತಾಯಿಸೋದು ಯಾರು ಎಲ್ಲಾ ಅವರಿಗೆ ಬಾಯಿಪಾಠ. ಇವರ ಜೊತೆ ಲೆಕ್ಕ ಬರೆಯೋರು ಒಬ್ಬರು ಸೇರಿದರೆ ಐದು ಜನ ಆಯಿತು. ಸುತ್ತಲಿನ ಆಸ್ಪತ್ರೆ, ಗೋದಾಮು, ಅಪಾರ್ಟ್‌ಮೆಂಟುಗಳ ಪಂಪು, ಮೋಟಾರು, ಜನರೇಟರ್ ನೋಡಿಕೊಳ್ಳುವ ವರ್ಷದ ಗುತ್ತಿಗೆ ಕೇಳಿ. ಮೊದಲ ಗುತ್ತಿಗೆ ಕೈಗೆ ಬರುವವರೆಗೆ ಸೆಟ್ಲ್‌ಮೆಂಟ್ ದುಡ್ಡಿಗೆ ಕೈ ಹಾಕಬೇಡಿ. ಉಪಕರಣ ಬಾಡಿಗೆಗೂ ಸಿಗುತ್ತೆ.

ಒಂದು ಮಾತು, ತಡ ಮಾಡಬೇಡಿ. ವಿಯೆನ್ನಾ ಹತ್ತಿರದ ಮರೀಯೆನ್‌ಥಾಲ್‌ನಲ್ಲಿ 1930ರ ಹೊತ್ತಿಗೆ ಬಟ್ಟೆ ಗಿರಣಿ ಮುಚ್ಚಿತು. ಸಮಾಜ ಸಂಶೋಧಕಿ ಮಾರಿ ಯಹೋಡಾ ಮತ್ತು ಜೊತೆಯವರು ಅಲ್ಲಿ ಹೋಗಿ ನೋಡಿದರೆ, ಕೈತುಂಬ ಸಮಯ ಇದ್ದರೂ ಲೈಬ್ರರಿಯಿಂದ ಜನ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದರು. ಕಾಯುತ್ತಾ ಕೂತರೆ ನಡಿಗೆಯೇ ನಿಧಾನ ಆಗಿಬಿಡುತ್ತೆ.

ಪ್ರಶ್ನೆ: ವಯಸ್ಸು 48. ಇಪ್ಪತ್ತು ವರ್ಷ ಲೆಕ್ಕಪತ್ರ ನೋಡಿದ್ದೇನೆ, ಈಗ ಕೆಲಸ ಇಲ್ಲ. ಕಂಪ್ಯೂಟರ್ ಕೋರ್ಸ್ ಸೇರಲಾ?

ಉತ್ತರ: ಫೀಸು ಕಟ್ಟುವ ಮೊದಲು ಕೆಲಸ ಕೊಡುವ ಮೂರು ಕಡೆ ಹೋಗಿ, ಈ ಕೋರ್ಸ್ ಮಾಡಿದರೆ ನನ್ನ ವಯಸ್ಸಿನವರನ್ನು ತಗೊಳ್ತೀರಾ ಅಂತ ನೇರವಾಗಿ ಕೇಳಿ. ಕೋರ್ಸ್ ನಡೆಸುವವರನ್ನು ಕೇಳಬೇಡಿ, ಅವರು ಹೂಂ ಅಂತಲೇ ಹೇಳೋದು. ಒಬ್ಬರೂ ಹೌದು ಅನ್ನದಿದ್ದರೆ ದುಡ್ಡು ಉಳಿಸಿಕೊಳ್ಳಿ. ಮೇಲಿನ ಪ್ರಶ್ನೆಯವರಂಥ ಐದು ಜನ ನಿಮ್ಮ ಕಡೆಯೂ ಇರುತ್ತಾರೆ, ಅವರಿಗೆ ಲೆಕ್ಕ ಬರೆಯೋರು ಒಬ್ಬರು ಬೇಕಲ್ಲ.