ಓದುಗರ ಪ್ರಶ್ನೆ, ನಮ್ಮ ಉತ್ತರ: ಗೂಳಿ ಕಾಳಗದ ದಿನ ಊಟ ಎಲ್ಲಿ, ಯಾವಾಗ?

ಮಕ್ಕಳು ಯುರೋಪಿನಲ್ಲಿ ಕೆಲಸಕ್ಕಿರುವ ಕೊಡಗಿನ ಮನೆಗಳಿಂದ ಸ್ಪೇನ್ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಊಟದ ಪ್ರಶ್ನೆಗಳನ್ನೇ ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಕಾಳಗ ನೋಡಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು. ನೋಡಲು ಒಲ್ಲದವರೂ ಆ ಬೀದಿಗಳಲ್ಲಿ ಚೆನ್ನಾಗಿ ಊಟ ಮಾಡಬಹುದು.

ಮೇ ಕೊನೆಯ ವಾರ ಮ್ಯಾಡ್ರಿಡ್‌ಗೆ, ಮಗಳ ಮನೆಗೆ ಹೋಗುತ್ತಿದ್ದೇವೆ. ಲಾಸ್ ವೆಂತಾಸ್ ಅಖಾಡದಲ್ಲಿ ಸಂಜೆ 7ರ ಕಾಳಗಕ್ಕೆ ಅಳಿಯ ಟಿಕೆಟ್ ತೆಗೆದಿದ್ದಾರೆ. ನಮ್ಮವರಿಗೆ ಸಕ್ಕರೆ ಕಾಯಿಲೆ, ರಾತ್ರಿ 8ಕ್ಕೆ ಊಟ ಆಗಲೇಬೇಕು. ಮೊದಲೇ ಉಂಡು ಹೋಗೋಣವೇ, ಮುಗಿಸಿ ಬಂದು ಉಣ್ಣೋಣವೇ?
– ಓದುಗಿ, ವಿರಾಜಪೇಟೆ

ಹೋಟೆಲ್ ಯಾವುದು ಎನ್ನುವುದಕ್ಕಿಂತ ಮೊದಲು ಗಡಿಯಾರ ನೋಡಿ. ಸ್ಪೇನಿನಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ 2ರಿಂದ 4ರೊಳಗೆ. ಆಮೇಲೆ ಹೆಚ್ಚಿನ ಹೋಟೆಲುಗಳ ಅಡುಗೆಮನೆ ಮುಚ್ಚುತ್ತದೆ, ಮತ್ತೆ ಒಲೆ ಹಚ್ಚುವುದು ರಾತ್ರಿ 8.30ರ ಹೊತ್ತಿಗೆ. 7ಕ್ಕೆ ಶುರುವಾಗುವ ಕಾಳಗದಲ್ಲಿ ಆರು ಗೂಳಿಗಳು; ಒಂದಕ್ಕೆ ಸುಮಾರು 20 ನಿಮಿಷ ಹಿಡಿದರೆ ಹೊರಗೆ ಬರುವಾಗ 9 ದಾಟಿರುತ್ತದೆ. ಅಂದರೆ ನಿಮ್ಮವರ 8 ಗಂಟೆಯ ಊಟದ ಹೊತ್ತಿಗೆ ನೀವು ಅಖಾಡದ ಮೆಟ್ಟಿಲ ಮೇಲೆ ಕುಳಿತಿರುತ್ತೀರಿ.

ಹೀಗೆ ಮಾಡಿ. ಮಧ್ಯಾಹ್ನ 1.45ಕ್ಕೇ ಮೇಜು ಹಿಡಿದು ‘ಮೆನು ದೆಲ್ ದಿಯಾ’ ಕೇಳಿ. ವಾರದ ದಿನಗಳಲ್ಲಿ ಸಿಗುವ ನಿಗದಿ ಬೆಲೆಯ ಊಟ ಅದು. ಮೊದಲ ಬಡಿಸುವಿಕೆಗೆ ಸೂಪು, ತರಕಾರಿ ಅಥವಾ ಕಾಳು, ಎರಡನೆಯದಕ್ಕೆ ಮೀನು ಅಥವಾ ಮಾಂಸ, ಜೊತೆಗೆ ಬ್ರೆಡ್ಡು, ಕುಡಿಯಲು ಒಂದು, ಕೊನೆಗೆ ಸಿಹಿ ಅಥವಾ ಕಾಫಿ. ಸಿಹಿಯ ಬದಲು ಹಣ್ಣು ಅಥವಾ ಕಾಫಿ ಕೇಳಿದರೆ ಕೊಡುತ್ತಾರೆ. ಈ ಊಟವನ್ನು ಅಖಾಡದ ಹತ್ತಿರ ಮಾಡಬೇಕಾಗಿಲ್ಲ. ಮಗಳ ಮನೆಯ ಬೀದಿಯಲ್ಲೇ ಆದರೆ ಒಳ್ಳೆಯದು. ಊಟ ಮುಗಿಸಿ ಒಂದು ಗಳಿಗೆ ಮಲಗಿ.

ಮೆಟ್ರೋದ 2 ಅಥವಾ 5ನೇ ಮಾರ್ಗದಲ್ಲಿ ವೆಂತಾಸ್ ನಿಲ್ದಾಣಕ್ಕೆ 5.30ಕ್ಕೆ ಬನ್ನಿ; ಮೇಲೆ ಹತ್ತಿದರೆ ಎದುರಿಗೇ ಅಖಾಡ. ಅಲ್ಕಲಾ ರಸ್ತೆಯ ಲೋಸ್ ತಿಂಬಾಲೆಸ್‌ನಂಥ ಬಾರುಗಳಲ್ಲಿ ಆ ಹೊತ್ತಿಗೆ ಕಾಳಗದ ಅಭಿಮಾನಿಗಳು ತುಂಬಿರುತ್ತಾರೆ. ಅಡುಗೆಮನೆ ಮುಚ್ಚಿದ್ದರೂ ಕೌಂಟರಿನ ಗಾಜಿನ ಪೆಟ್ಟಿಗೆಯಲ್ಲಿ ತೋರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಮೊಟ್ಟೆ ದೋಸೆ, ಮತ್ತು ಬೊಕಾದಿಯೊ ಎಂಬ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್ ಇದ್ದೇ ಇರುತ್ತವೆ. ಕೌಂಟರಿನಲ್ಲಿ ನಿಂತೇ ತಿನ್ನಿ. ಹೊರಗಿನ ಮೇಜಿಗೆ ಹಲವೆಡೆ ದರ ಹೆಚ್ಚು, ಬಿಲ್ಲು ಬರಲು ತಡ.

ಈ ತಡವೇ ಹಲವರ ಸಂಜೆ ಕೆಡಿಸುವುದು. ಗೂಳಿ ಅಂಗಳದಲ್ಲಿರುವಾಗ ಆಸನಗಳ ಕಡೆಗೆ ಯಾರನ್ನೂ ಬಿಡುವುದಿಲ್ಲ. 7.05ಕ್ಕೆ ಓಡಿ ಬಂದವರು ಮೊದಲ ಗೂಳಿ ಮುಗಿಯುವ ತನಕ ಹೊರಗಿನ ಓಣಿಯಲ್ಲೇ ನಿಲ್ಲಬೇಕು. ಬಿಲ್ಲಿಗೆ 6.15ಕ್ಕೇ ಹೇಳಿ, 6.30ಕ್ಕೆ ಒಳಗಿರಿ. ಕೂರುವುದು ಕಲ್ಲಿನ ಮೇಲೆ, ಬಾಡಿಗೆ ದಿಂಬು ಬಾಗಿಲಲ್ಲೇ ಸಿಗುತ್ತದೆ. ನಿಮ್ಮವರ ಜೇಬಿನಲ್ಲಿ 8ಕ್ಕೆ ತಿನ್ನಲು ಅರ್ಧ ಬೊಕಾದಿಯೊ, ಒಂದು ಹಿಡಿ ಬಾದಾಮಿ ಇರಲಿ, ಸಕ್ಕರೆ ಇಳಿದರೆಂದು ನಾಲ್ಕು ಗ್ಲೂಕೋಸ್ ಮಾತ್ರೆಯೂ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಸಮಯ ಬದಲಿಸುವುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಗಾಜಿನ ಬಾಟಲಿ ಒಳಗೆ ತರಬೇಡಿ.

ಟಿಕೆಟ್ಟಿನಲ್ಲಿ ‘ಸೋಲ್’ ಎಂದಿದ್ದರೆ ಬಿಸಿಲ ಕಡೆ, ‘ಸೊಂಬ್ರಾ’ ಎಂದಿದ್ದರೆ ನೆರಳು. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.30ರ ಆಸುಪಾಸು. ಬಿಸಿಲ ಕಡೆ ಕೂರುವವರು ಮೊದಲೇ ವೈನ್ ಕುಡಿದರೆ ಎರಡನೇ ಗೂಳಿಗೇ ತಲೆನೋವು, ನೀರೇ ಸಾಕು.

ಮುಗಿದ ಮೇಲೆ ಸಾವಿರಾರು ಜನ ಒಟ್ಟಿಗೆ ಮೆಟ್ರೋ ಮೆಟ್ಟಿಲಿಗೆ ನುಗ್ಗುತ್ತಾರೆ. ನೀವು ಅಲ್ಕಲಾ ರಸ್ತೆಯಲ್ಲೇ ಊರಿನೊಳಕ್ಕೆ ಹತ್ತು ಹದಿನೈದು ನಿಮಿಷ ನಡೆದು ಮಾನ್ವೆಲ್ ಬೆಸೆರ್ರಾ ವೃತ್ತಕ್ಕೆ ಬನ್ನಿ. ಅಲ್ಲಿ ಮೇಜು ಬೇಗ ಸಿಗುತ್ತದೆ, 2ನೇ ಮಾರ್ಗದ ಮೆಟ್ರೋವೂ ಇದೆ. ಅಖಾಡದ ಪಕ್ಕವೇ ಕೂತು ಉಣ್ಣಬೇಕೆಂದರೆ ಗೂಳಿ ಬಾಲದ ಅಡುಗೆಗೆ ಹೆಸರಾದ ಕಾಸಾ ತೊರಿಬಿಯೊ ಇದೆ. ಆದರೆ ಸಾನ್ ಇಸಿದ್ರೊ ಉತ್ಸವದ ಆ ವಾರಗಳಲ್ಲಿ ಮೊದಲೇ ಮೇಜು ಕಾದಿರಿಸದೆ ಹೋಗಬೇಡಿ.

ನಾವು ಹಂದಿ, ಕೋಳಿ, ಕುರಿ ತಿನ್ನುತ್ತೇವೆ, ದನದ ಮಾಂಸ ಮುಟ್ಟುವುದಿಲ್ಲ. ಅಖಾಡದ ಸುತ್ತ ಗೂಳಿ ಬಾಲದ ಅಡುಗೆಯೇ ವಿಶೇಷ ಎನ್ನುತ್ತಾರೆ. ಅದು ಅವತ್ತು ಸತ್ತ ಗೂಳಿಯದ್ದೇ? ನಮಗೆ ಏನು ಸಿಗುತ್ತದೆ?
– ಓದುಗರು, ಮಡಿಕೇರಿ

ಬಹುಪಾಲು ಅಲ್ಲ. ಒಂದು ಸಂಜೆಗೆ ಆರು ಗೂಳಿ, ಆರೇ ಬಾಲ. ಒಂದು ಬಾಲ ಮೂರು ನಾಲ್ಕು ಜನಕ್ಕಾದೀತು. ಸುತ್ತಲಿನ ಹೋಟೆಲುಗಳು ದಿನವೂ ಬಡಿಸುವುದಕ್ಕೆ ಅದು ಯಾವ ಮೂಲೆಗೆ? ತಟ್ಟೆಗೆ ಬರುವುದು ಹೆಚ್ಚಾಗಿ ಸಾಮಾನ್ಯ ದನದ ಬಾಲ. ಕಾಳಗದ ಗೂಳಿಯ ಮಾಂಸವೂ ಪಶುವೈದ್ಯರ ತಪಾಸಣೆಯ ನಂತರ ಮಾರಾಟವಾಗುತ್ತದೆ. ಅದನ್ನು ಬಡಿಸುವವರು ‘ತೋರೊ ದೆ ಲಿದಿಯಾ’ ಎಂದು ಬರೆದೇ ಇರುತ್ತಾರೆ.

ಇನ್ನು ನಿಮ್ಮ ಊಟ. ಹಂದಿ ತಿನ್ನುವ ಕೊಡಗಿನವರಿಗೆ ಸ್ಪೇನಿನಂಥ ದೇಶ ಬೇರೆ ಸಿಗುವುದು ಕಷ್ಟ. ಮೊದಲು ತೊರ್ರೆಸ್ನೋ ಕೇಳಿ. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ಹೊಟ್ಟೆಭಾಗದ ಉದ್ದ ತುಂಡು. ಉಪ್ಪು ಹಚ್ಚಿ ಒಣಗಿಸಿ, ನಿಧಾನ ಉರಿಯಲ್ಲಿ ಅದರದೇ ಕೊಬ್ಬು ಬಿಡಿಸಿ, ಕೊನೆಗೆ ಜೋರು ಉರಿಯಲ್ಲಿ ಕರಿದದ್ದು. ಸರಿಯಾಗಿ ಆಗಿದ್ದರೆ ಚರ್ಮದ ಮೇಲೆಲ್ಲ ಸಣ್ಣ ಗುಳ್ಳೆ ಎದ್ದು, ಚಾಕುವಿನಿಂದ ತಟ್ಟಿದರೆ ಟಕ್ ಎನ್ನಬೇಕು. ಚರ್ಮ ನುಣ್ಣಗೆ ಹೊಳೆಯುತ್ತಿದ್ದರೆ ಹಲ್ಲಿಗೆ ಜಗ್ಗುತ್ತದೆ, ಅಂಥದ್ದನ್ನು ಬಿಡಿ. ಮ್ಯಾಡ್ರಿಡ್‌ನ ಬಾರುಗಳ ಇನ್ನೊಂದು ಮೆಚ್ಚಿನ ತಿಂಡಿ ‘ಒರೆಹಾ ಅ ಲಾ ಪ್ಲಾಂಚಾ’: ಬೇಯಿಸಿದ ಹಂದಿ ಕಿವಿಯನ್ನು ಕತ್ತರಿಸಿ ಬಿಸಿ ಕಾವಲಿಯಲ್ಲಿ ಗರಿಯಾಗಿಸಿದ್ದು. ಹಂದಿ ಭುಜದ ಒಳಗಿನ ಕೊಬ್ಬಿನೆಳೆಯ ತುಂಡು ‘ಸೆಕ್ರೆತೊ’. ಅದನ್ನು ಅವರು ನಡುವೆ ಗುಲಾಬಿ ಬಣ್ಣ ಉಳಿಸಿ ಕೊಡುತ್ತಾರೆ. ಪೂರ್ತಿ ಬೆಂದದ್ದೇ ಬೇಕಾದರೆ ‘ಮುಯ್ ಎಚೊ’ ಎನ್ನಿ.

ಮೋಸ ಹೋಗುವ ಜಾಗಗಳು ಇವು. ‘ಸೆಸಿನಾ’ ನೋಡಲು ಒಣಗಿಸಿದ ಹಂದಿ ತೊಡೆಯಂತೆಯೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ದನದ್ದು. ಬಣ್ಣ ಹೆಚ್ಚು ಕಪ್ಪು. ‘ಕಾಯೋಸ್’ ದನದ ಜಠರ. ‘ಅಲ್ಬೊಂದಿಗಾಸ್’ ಎಂಬ ಮಾಂಸದ ಉಂಡೆಯಲ್ಲಿ ಹಂದಿ, ದನ ಎರಡೂ ಬೆರೆತಿರಬಹುದು. ‘ಕ್ರೊಕೆತಾಸ್’ ಎಂಬ ಕರಿದ ಉಂಡೆ ಹೆಚ್ಚಾಗಿ ಹಂದಿಯದ್ದಾದರೂ ಬಾಲದ ಮಾಂಸದ್ದೂ ಇರುತ್ತದೆ. ಮೆನುವಿನಲ್ಲಿ ತೆರ್ನೆರಾ, ವಾಕಾ, ಬುಯ್, ತೋರೊ, ಅನ್ಯೋಹೊ ಎಂದು ಕಂಡರೆ ಎಲ್ಲವೂ ದನವೇ. ಹೇಳಬೇಕಾದ ವಾಕ್ಯ: ‘ನೋ ಕೋಮೊ ತೆರ್ನೆರಾ, ನಿ ವಾಕಾ, ನಿ ತೋರೊ.’ ಕಾವಲಿ ಮಾತ್ರ ಎಲ್ಲದಕ್ಕೂ ಒಂದೇ. ಅದೂ ಆಗದೆಂದರೆ ಕಾವಲಿಯ ಪದಾರ್ಥ ಬಿಟ್ಟು ತೊರ್ರೆಸ್ನೋ, ತೋರ್ತಿಯಾ, ಹಂದಿ ತೊಡೆಯ ತೆಳು ಹೋಳುಗಳನ್ನು ಹಿಡಿಯಿರಿ.

ಅತ್ತೆಯವರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಕಾಳಗಕ್ಕೆ ಬರುವುದಿಲ್ಲ, ಊಟಕ್ಕೆ ಮಾತ್ರ ಜೊತೆಯಾಗುತ್ತಾರೆ. ಏನು ಕೊಡಿಸಲಿ?
– ಓದುಗಿ, ಕುಶಾಲನಗರ

‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು. ಎಷ್ಟೋ ಕಡೆ ಹಂದಿ ತೊಡೆಯ ಚೂರು, ಟ್ಯೂನಾ ಮೀನು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ಸಾದಾ ಎಂದು ಕಾಣುವ ‘ಎನ್ಸಲಾದಾ ಮಿಕ್ಸ್ತಾ’ ಸಲಾಡಿನ ಮೇಲೆ ಟ್ಯೂನಾ, ಮೊಟ್ಟೆ ಕೂತಿರುತ್ತವೆ. ಬೀನ್ಸ್ ಪಲ್ಯದೊಳಗೆ ಹಂದಿ ಚೂರಿರುತ್ತದೆ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹಂದಿ ತೊಡೆಯ ಚೂರು, ಮೊಟ್ಟೆ ಎರಡನ್ನೂ ಉದುರಿಸುತ್ತಾರೆ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ವೆವೊ’ (ಮಾಂಸ, ಹಂದಿ ತೊಡೆ, ಮೀನು, ಮೊಟ್ಟೆ ಯಾವುದೂ ಬೇಡ) ಎನ್ನಿ; ಕಾಗದದಲ್ಲಿ ‘sin carne, sin jamón, sin pescado, sin huevo’ ಎಂದು ಬರೆದು ತೋರಿಸಿ.

ಧೈರ್ಯವಾಗಿ ಕೇಳಬಹುದಾದವು: ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿದ ಪದ್ರೋನ್ ಹಸಿಮೆಣಸು (ನಮ್ಮ ಸೂಜಿಮೆಣಸು ತಿಂದವರಿಗೆ ಇದರ ಖಾರ ಖಾರವೇ ಅಲ್ಲ), ಟೊಮೆಟೊ ಸವರಿದ ಬ್ರೆಡ್ಡು, ಕಾವಲಿಯಲ್ಲಿ ಸುಟ್ಟ ತರಕಾರಿ (ಮಾಂಸಕ್ಕೂ ಅದೇ ಕಾವಲಿ, ಅದು ಆಗದವರು ಬಿಡಿ), ಮೊಟ್ಟೆ ಬೇಡವೆಂದು ಹೇಳಿ ತರಿಸಿದ ‘ಪಿಸ್ತೊ’ ಎಂಬ ತರಕಾರಿ ಗೊಜ್ಜು, ಆಲಿವ್, ಕುರಿಹಾಲಿನ ಚೀಸ್. ಆದರೆ ಸಾಂಪ್ರದಾಯಿಕ ಚೀಸಿಗೆ ಕರುವಿನದೋ ಕುರಿಮರಿಯದೋ ಜಠರದ ಹೆಪ್ಪು ಹಾಕಿರುತ್ತಾರೆ. ಕಟ್ಟುನಿಟ್ಟಿನವರಿಗೆ ಅದೂ ಆಗದು. ವಯಸ್ಸಾದವರನ್ನು ರಾತ್ರಿ 9.30ರವರೆಗೆ ಹಸಿದಿರಿಸುವುದು ಸರಿಯಲ್ಲ. ಅವರಿಗೆ ಮನೆಯಲ್ಲೇ 7.30ಕ್ಕೆ ಅನ್ನ ಸಾರು ಆಗಲಿ, ಹೋಟೆಲಿನಲ್ಲಿ ಏನಾದರೂ ಚೂರು ಬಾಯಾಡಲಿ.

ಏಪ್ರಿಲ್‌ನಲ್ಲಿ ಸೆವಿಲ್ಲೆಗೆ ಹೋಗುತ್ತೇವೆ. ಅಲ್ಲಿಯ ಅಖಾಡದ ಹತ್ತಿರ?
– ಓದುಗರು, ಗೋಣಿಕೊಪ್ಪಲು

ಸೆವಿಲ್ಲೆಯ ಮಾಯೆಸ್ತ್ರಾನ್ಸಾ ಅಖಾಡ ಊರ ನಡುವೆ, ನದಿ ದಂಡೆಯ ಅರೆನಾಲ್ ಬಡಾವಣೆಯಲ್ಲಿದೆ. ಪಕ್ಕದ ಅಂತೋನಿಯಾ ದಿಯಾಸ್ ಬೀದಿಯ ಮೆಸೋನ್ ಸೆರಾನಿತೊದಲ್ಲಿ ಅದೇ ಹೆಸರಿನ ಬ್ರೆಡ್ಡು ಕೇಳಿ: ಸುಟ್ಟ ಹಂದಿ ತುಂಡು, ಒಣಗಿಸಿದ ಹಂದಿ ತೊಡೆ, ಕರಿದ ಹಸಿಮೆಣಸು, ಟೊಮೆಟೊ. ಒಂದು ತಿಂದರೆ ಕಾಳಗ ಮುಗಿಯುವ ತನಕ ಹೊಟ್ಟೆ ಕೇಳದು. ಅಲ್ಲಿಯ ಏಪ್ರಿಲ್ ಜಾತ್ರೆ (ಫೆರಿಯಾ) ನಡೆಯುವ ವಾರ ಮಾತ್ರ ಎಚ್ಚರ. ಊರಿಗೆ ಊರೇ ನದಿಯಾಚೆಯ ಜಾತ್ರೆ ಮೈದಾನದಲ್ಲಿರುತ್ತದೆ, ಅಲ್ಲಿನ ಡೇರೆಗಳು ಬಹುಪಾಲು ಖಾಸಗಿ, ಒಳಗಿನವರು ಕರೆದರಷ್ಟೇ ಪ್ರವೇಶ. ಸಾರ್ವಜನಿಕ ಡೇರೆಗಳೂ ಕೆಲವಿವೆ. ಊಟವನ್ನು ಅವನ್ನೇ ನಂಬಿ ಬಿಡದೆ ಸೇತುವೆ ದಾಟಿ ತ್ರಿಯಾನಾ ಬಡಾವಣೆಯಲ್ಲಿ ಮೇಜು ಕಾದಿರಿಸಿ.

ಪಾಂಪ್ಲೋನಾದಲ್ಲಿ ಗೂಳಿ ಓಟ ನೋಡಲು ಮಗ ಗೆಳೆಯರೊಂದಿಗೆ ಹೊರಟಿದ್ದಾನೆ. ಬೆಳಿಗ್ಗೆ 8ಕ್ಕಂತೆ. ಏನು ತಿನ್ನಲು ಹೇಳಲಿ?
– ಓದುಗರು, ಸೋಮವಾರಪೇಟೆ

ಜುಲೈ 7ರಿಂದ 14ರವರೆಗೆ ದಿನವೂ ಬೆಳಿಗ್ಗೆ 8ಕ್ಕೆ ಓಟ; ಬೀದಿಗೆ ಬಿಟ್ಟ ಗೂಳಿಗಳ ಮುಂದೆ ಜನ ಓಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಗೂಳಿಗಳು ಅಖಾಡ ಸೇರುತ್ತವೆ. ಬೇಲಿ ಪಕ್ಕ ಜಾಗ ಬೇಕಾದರೆ 6ಕ್ಕೇ ನಿಲ್ಲಬೇಕು, ಆದ್ದರಿಂದ ಬಾಳೆಹಣ್ಣು, ನೀರು ಚೀಲದಲ್ಲಿರಲಿ. ರಾತ್ರಿಯಿಡೀ ಕುಡಿದು ಓಡಲು ನಿಲ್ಲುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ, ಅಮಲಿನಲ್ಲಿ ಕಂಡವರನ್ನು ಪೊಲೀಸರು ಹೊರಗೆ ಹಾಕುತ್ತಾರೆ ಕೂಡ. ಮಗನಿಗೆ ಇದನ್ನು ಖಡಾಖಂಡಿತವಾಗಿ ಹೇಳಿ.

ಓಟ ಮುಗಿದ ಮೇಲೆ ಆ ಊರಿನ ನಿಜವಾದ ಊಟ. 9–10ರ ಹೊತ್ತಿಗೆ ಕರಿದ ಮೊಟ್ಟೆ, ಚಿಸ್ತೋರಾ ಎಂಬ ತೆಳು ಹಂದಿ ಸಾಸೇಜು, ಆಲೂಗಡ್ಡೆ. ಸಿಹಿ ಬೇಕಾದವರಿಗೆ ಲಾ ಮಾನ್ಯೂಯೆತಾ ಎಂಬ ಹಳೆಯ ಅಂಗಡಿಯ ಚುರ್ರೊ, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ, ಇದೆ. ಸೌದೆ ಒಲೆಯಲ್ಲಿ ಕರಿಯುತ್ತಾರೆ, ವರ್ಷದಲ್ಲಿ ಕೆಲವೇ ದಿನ ತೆರೆಯುತ್ತಾರೆ, ಸಾಲು ಉದ್ದ. ಸಂಜೆ 6.30ರ ಕಾಳಗದಲ್ಲಿ ಮೂರನೇ ಗೂಳಿ ಮುಗಿದದ್ದೇ ಪ್ರೇಕ್ಷಕರೆಲ್ಲ ಬುತ್ತಿ ಬಿಚ್ಚುತ್ತಾರೆ, ಬರಿಗೈಯಲ್ಲಿ ಹೋಗಬಾರದು. ಬಿಸಿಲ ಕಡೆ ಹುಡುಗರ ಗುಂಪುಗಳು ವೈನ್ ಎರಚುತ್ತವೆ, ಬಟ್ಟೆ ಉಳಿಯಬೇಕಾದರೆ ನೆರಳಿನ ಟಿಕೆಟ್ಟು.

ಬಾರ್ಸಿಲೋನಾದಲ್ಲಿ?
– ಓದುಗರು, ಸುಂಟಿಕೊಪ್ಪ

ಅಲ್ಲಿ ಕಾಳಗ ನಡೆಯುವುದಿಲ್ಲ. 1900ರ ಲಾಸ್ ಅರೇನಾಸ್ ಅಖಾಡದ ಹೊರಗೋಡೆ ಉಳಿಸಿಕೊಂಡು 2011ರಲ್ಲಿ ಮಾಲ್ ತೆರೆದಿದ್ದಾರೆ. ಮೇಲಿನ ಬಿಸಿಲುಮಚ್ಚಿನ ಸುತ್ತ ಹೋಟೆಲುಗಳಿವೆ. ಹೊರಗಿನ ಲಿಫ್ಟಿಗೆ ಚಿಲ್ಲರೆ ಹಣ ಕೇಳುತ್ತಾರೆ. ಒಳಗಿನ ಎಸ್ಕಲೇಟರ್ ಹತ್ತಿದರೆ ಪುಕ್ಕಟೆ.

ಆ ಬಾಲದ ಅಡುಗೆಯನ್ನು ಹಂದಿಯಲ್ಲಿ ಮನೆಯಲ್ಲೇ ಮಾಡಬಹುದೇ?
– ಓದುಗಿ, ಪೊನ್ನಂಪೇಟೆ

ಧಾರಾಳವಾಗಿ. ಆ ಅಡುಗೆಯ ಗುಟ್ಟೆಲ್ಲ ಮೂಳೆ, ಚರ್ಮ, ನರಗಳು ನಿಧಾನವಾಗಿ ಕರಗಿ ಸಾರಿಗೆ ಬರುವ ಅಂಟಿನಲ್ಲಿದೆ. ಬರೀ ಮಾಂಸದ ತುಂಡು ತಂದರೆ ಅದು ಬರುವುದಿಲ್ಲ. ಚರ್ಮ ಸಮೇತ ಹಂದಿಯ ಮುಂಗಾಲಿನ ಮಂಡಿಭಾಗ ಒಂದೂವರೆ ಕಿಲೋ ತನ್ನಿ, ಎರಡಂಗುಲದ ತುಂಡು ಮಾಡಿಸಿ.

ತೇವ ಒರೆಸಿ, ಸ್ವಲ್ಪ ಉಪ್ಪು ಸವರಿ, ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ನಾಲ್ಕೈದು ತುಂಡಿನಂತೆ ಎಲ್ಲ ಮಗ್ಗುಲೂ ಕಂದು ಬರುವಂತೆ ಹುರಿದು ತೆಗೆದಿಡಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಅದೇ ಕೊಬ್ಬಿನಲ್ಲಿ ಮೂರು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಎಂಟು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ 20 ನಿಮಿಷ ಬಾಡಿಸಿ. ಎರಡು ಟೊಮೆಟೊ, ಎರಡು ಪಲಾವ್ ಎಲೆ, ಹತ್ತು ಕಾಳುಮೆಣಸು, ಎರಡು ಲವಂಗ ಹಾಕಿ. ಅರ್ಧ ಲೀಟರ್ ಕೆಂಪು ವೈನ್ ಸುರಿದು ಅರ್ಧಕ್ಕಿಳಿಯುವ ತನಕ ಕುದಿಸಿ. ಹಸಿ ಸಾರಾಯಿ ವಾಸನೆ ಹೋಗಬೇಕು. ಮಾಂಸ ಹಾಕಿ, ಮುಳುಗುವಷ್ಟು ಬಿಸಿನೀರು ಹಾಕಿ, ಮುಚ್ಚಿ ಎರಡೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಲಿ.

ನಮ್ಮ ಕಡೆ ಮನೆಯಲ್ಲಿ ಮಾಡುವ ಸಿಹಿ ವೈನ್ ಇದಕ್ಕೆ ಆಗುವುದಿಲ್ಲ. ಬತ್ತಿದ ಮೇಲೆ ಸಾರು ಜಾಮಿನಂತಾಗುತ್ತದೆ. ಒಗರು ವೈನ್ ಸಿಗದಿದ್ದರೆ ವೈನನ್ನೇ ಬಿಟ್ಟು, ಕೊನೆಯ ಹತ್ತು ನಿಮಿಷಕ್ಕೆ ಒಂದು ಚಿಕ್ಕ ಚಮಚ ಕಾಚಂಪುಳಿ ಹಾಕಿ. ಸ್ಪೇನಿನ ರುಚಿ ಸ್ವಲ್ಪ ದೂರವಾದರೂ ಹುಳಿ, ಬಣ್ಣ ಎರಡೂ ಕೂಡಿಬರುತ್ತವೆ. ಕುಕ್ಕರಿನಲ್ಲಾದರೆ ಮೊದಲ ವಿಸಿಲ್ ನಂತರ ಸಣ್ಣ ಉರಿಯಲ್ಲಿ 35 ನಿಮಿಷ. ಆಮೇಲೆ ಮುಚ್ಚಳ ತೆಗೆದು ಬತ್ತಿಸಲೇಬೇಕು, ಇಲ್ಲದಿದ್ದರೆ ಸಾರು ನೀರಾಗಿಯೇ ಉಳಿಯುತ್ತದೆ.

ಬೆಂದಿದೆಯೇ ಎಂದು ನೋಡಲು ಮೂಳೆ ಹಿಡಿದು ಎತ್ತಿ. ಮಾಂಸ ತಾನಾಗಿ ಜಾರಿದರೆ ಸರಿ. ಮೂಳೆಗೆ ಅಂಟಿಕೊಂಡೇ ಬಂದರೆ ಇನ್ನೂ ಅರ್ಧ ಗಂಟೆ. ಮಾಂಸ ತೆಗೆದು ತರಕಾರಿ ಸಮೇತ ಸಾರು ಸೋಸಿ, ತರಕಾರಿಯನ್ನು ಒತ್ತಿ ಹಿಂಡಿ, ಚಮಚದ ಬೆನ್ನಿಗೆ ಅಂಟುವ ತನಕ ಬತ್ತಿಸಿ. ಮೈದಾ ಬೇಡ. ಉಪ್ಪನ್ನು ಈ ಹಂತದಲ್ಲೇ ಸರಿ ಮಾಡಿ, ಮೊದಲೇ ಹಾಕಿದರೆ ಬತ್ತಿದಾಗ ಕಟುವಾಗುತ್ತದೆ. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಗಟ್ಟಿಯಾದ ಕೊಬ್ಬನ್ನು ಒಂದೇ ಹಪ್ಪಳೆಯಾಗಿ ಎತ್ತಿ ತೆಗೆಯಬಹುದು. ಅಲ್ಲಿ ಇದಕ್ಕೆ ಕರಿದ ಆಲೂಗಡ್ಡೆ ಕೊಡುತ್ತಾರೆ. ನಮ್ಮಲ್ಲಿ ಕಡಂಬುಟ್ಟು ಇನ್ನೂ ಚೆನ್ನಾಗಿ ಹೊಂದುತ್ತದೆ, ಸಾರನ್ನು ಅದು ಹೀರಿಕೊಳ್ಳುತ್ತದೆ.