ಎಳೆದ ರಬ್ಬರ್ ಬಿಟ್ಟಾಗ ಹಾಕಿದ ಶಕ್ತಿಯೆಲ್ಲ ವಾಪಸ್ ಬರುತ್ತಾ?

ಪಿಯು ಓದುತ್ತಿದ್ದೀರಿ, ನೀವು ಕೇಳಿದ್ದು ಎರಡು: ಸ್ಪ್ರಿಂಗ್ ಎಳೆದಾಗ ಅದರಲ್ಲಿ ಕೂರುವ ಶಕ್ತಿ ‘ಅರ್ಧ ಕೆ ಎಕ್ಸ್ ಸ್ಕ್ವೇರ್’ (ಕೆ ಅಂದರೆ ಸ್ಪ್ರಿಂಗ್‌ನ ಬಿಗಿತ, ಎಕ್ಸ್ ಅಂದರೆ ಎಳೆದ ಉದ್ದ) ಅನ್ನುವ ಲೆಕ್ಕದಲ್ಲಿ ಆ ‘ಅರ್ಧ’ ಎಲ್ಲಿಂದ ಬಂತು, ಬಿಟ್ಟಾಗ ಶಕ್ತಿ ಪೂರ್ತಿ ಸಿಗುತ್ತಾ. ನಾನು ಪೀಣ್ಯದಲ್ಲಿ ರಬ್ಬರ್ ಬಿಡಿಭಾಗಗಳ ಟೆಸ್ಟಿಂಗ್ ಮಾಡುವವನು. ಎರಡನೆಯದಕ್ಕೇ ಜಾಸ್ತಿ ಬರೆಯುತ್ತೇನೆ.

ಅರ್ಧದ ವಿಷಯ ಸುಲಭ. ಶುರುವಿನಲ್ಲಿ ಬಲ ಸೊನ್ನೆ, ಎಳೆದಂತೆಲ್ಲ ಏರುತ್ತದೆ. 10 ಸೆಂ.ಮೀ. ಎಳೆದಾಗ ಕೊನೆಯಲ್ಲಿ 20 ನ್ಯೂಟನ್ ಬೇಕಾಯಿತು ಅನ್ನಿ. ದಾರಿಯುದ್ದಕ್ಕೂ 20 ಇರಲಿಲ್ಲ ಅಲ್ವಾ? ಸರಾಸರಿ 10. ಅದನ್ನು 0.1 ಮೀಟರ್‌ನಿಂದ ಗುಣಿಸಿದರೆ ಸ್ಪ್ರಿಂಗ್‌ನಲ್ಲಿ ಕೂತ ಶಕ್ತಿ 1 ಜೂಲ್.

ಅದೇ ಸ್ಪ್ರಿಂಗ್‌ಗೆ 2 ಕೆ.ಜಿ. ತೂಕ ನೇತುಹಾಕಿ. ಅದೂ ಸುಮಾರು 10 ಸೆಂ.ಮೀ. ಇಳಿದು ನಿಲ್ಲುತ್ತದೆ. ಆದರೆ ಗುರುತ್ವ ಮಾಡಿದ ಕೆಲಸ 2 ಜೂಲ್! ಮಿಕ್ಕ 1 ಎಲ್ಲಿ? ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ ನಿಮ್ಮ ಕೈ ಅದನ್ನು ತಡೆದುಕೊಂಡಿತು. ಥಟ್ಟನೆ ಬಿಟ್ಟರೆ ತೂಕ 20 ಸೆಂ.ಮೀ.ವರೆಗೂ ಇಳಿದು ಮೇಲೆ ಕೆಳಗೆ ಕುಣಿಯುತ್ತದೆ. ಕುಣಿತ ನಿಲ್ಲುವಷ್ಟರಲ್ಲಿ ಆ 1 ಜೂಲ್ ಶಾಖವಾಗಿ ಹೋಗಿರುತ್ತದೆ.

ಈಗ ರಬ್ಬರ್. ಮಷಿನ್‌ಗೆ ಒಂದು ಪಟ್ಟಿ ಕಚ್ಚಿಸಿ, ನಿಧಾನಕ್ಕೆ ಎಳೆದು ಅಷ್ಟೇ ನಿಧಾನಕ್ಕೆ ವಾಪಸ್ ಬಿಟ್ಟರೂ ಉದ್ದಕ್ಕೆ ಎದುರಾಗಿ ಬಲ ತೋರಿಸುವ ಗ್ರಾಫ್‌ನಲ್ಲಿ ಒಂದೇ ಗೆರೆ ಬರುವುದಿಲ್ಲ. ವಾಪಸ್ ಬರುವ ಗೆರೆ ಕೆಳಗಿರುತ್ತದೆ. ಅದೇ ಉದ್ದಕ್ಕೆ ಹೋಗುವಾಗ ಇದ್ದ ಬಲ ಬರುವಾಗ ಇಲ್ಲ. ಎರಡು ಗೆರೆಗಳ ನಡುವಿನ ಜಾಗವೇ ನಿಮಗೆ ವಾಪಸ್ ಸಿಗದ ಶಕ್ತಿ. ಹಿಸ್ಟೆರಿಸಿಸ್ ಲೂಪ್ ಅನ್ನುವುದು ಇದಕ್ಕೇ. ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ತಿಕ್ಕಾಡಿ ಅಷ್ಟನ್ನೂ ಬಿಸಿ ಮಾಡಿಬಿಡುತ್ತವೆ. ಕಾರ್ಬನ್ ಬೆರೆಸಿದ ಕಪ್ಪು ರಬ್ಬರ್‌ನಲ್ಲಿ ಮೊದಲ ಸಲದ ಲೂಪ್ ಚೆನ್ನಾಗಿ ದಪ್ಪ ಬರುತ್ತದೆ, ಮುಂದಿನ ಸುತ್ತುಗಳಲ್ಲಿ ತೆಳುವಾಗುತ್ತದೆ. ಹಾಗಾಗಿ ಶುರುವಿನ ಸುತ್ತುಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದು ಸುಮ್ನೆ ನಷ್ಟ ಅಂದುಕೊಳ್ಳಬೇಡಿ. ಎಂಜಿನ್ ಕೆಳಗಿನ ಮೌಂಟ್‌ಗೆ ನಡುಕ ನುಂಗಲು ಈ ಲೂಪ್ ಬೇಕೇ ಬೇಕು. ಟೈರ್‌ಗೆ ಮಾತ್ರ ಆದಷ್ಟು ಸಣ್ಣದಿರಬೇಕು, ಇಲ್ಲದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನೈಸ್ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಟೈರ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಅಗಲವಾದ ರಬ್ಬರ್ ಬ್ಯಾಂಡನ್ನು ಸರ್ರನೆ ಎಳೆದು ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದೆ. ಎಳೆದೇ ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ತಣ್ಣಗಾಗುತ್ತದೆ. 1805ರಲ್ಲೇ ಇಂಗ್ಲೆಂಡಿನ ಜಾನ್ ಗಫ್ ಎಂಬಾತ ಇದನ್ನು ತುಟಿಯಿಂದಲೇ ಗುರುತಿಸಿದ. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ. ಈ ಬಿಸಿಯಲ್ಲಿ ಬಹುಪಾಲು ಲೂಪಿನ ಬಿಸಿ ಅಲ್ಲ. ಎಳೆದಾಗ ಸರಪಳಿಗಳು ಸಾಲಾಗಿ ನಿಲ್ಲುವುದರಿಂದ ಬರುವಂಥದ್ದು, ಬಿಟ್ಟಾಗ ಹಿಂದಿರುಗುವಂಥದ್ದು. ತೂಕ ಕಟ್ಟಿ ಚೆನ್ನಾಗಿ ಎಳೆದ ರಬ್ಬರ್‌ಗೆ ಹೇರ್ ಡ್ರೈಯರ್ ಹಿಡಿದರೆ ಅದು ಉದ್ದವಾಗುವ ಬದಲು ಗಿಡ್ಡವಾಗುವುದಕ್ಕೂ ಇದೇ ಕಾರಣ.

ನಿಮ್ಮ ಪರೀಕ್ಷೆಗೆ ಇಷ್ಟೆಲ್ಲ ಬೇಡ. ಕೆ, ಎಕ್ಸ್ ಕೊಟ್ಟಿದ್ದರೆ ಅರ್ಧ ಕೆ ಎಕ್ಸ್ ಸ್ಕ್ವೇರ್ ಬರೆದು ಮುಂದಿನ ಪ್ರಶ್ನೆಗೆ ಹೋಗಿ.